ವೃತ್ತಿಧರ್ಮವೂ ಲೋಕದ ನಂಬಿಕೆಯೂ

ದಿನ ಬೆಳಗಾದರೆ ನಾವೆಲ್ಲರೂ ಕಣ್ಣಿಗೆ ಕಾಣದ ನೂರಾರು ಜನರನ್ನು ನಂಬಿ ಬದುಕುತ್ತೇವೆ. ನಲ್ಲಿಯಲ್ಲಿ ಬರುವ ನೀರನ್ನು ಶೋಧಿಸಿದವರು ಯಾರೋ, ಔಷಧದ ಸೀಸೆಗೆ ಚೀಟಿಯನ್ನು ಅಂಟಿಸಿದವರು ಯಾರೋ, ನಾವು ದಾಟುವ ಸೇತುವೆಯ ಲೆಕ್ಕವನ್ನು ಹಾಕಿದವರು ಯಾರೋ, ನಮಗೆ ತಿಳಿಯದು. ಅವರ ಮುಖವನ್ನು ನಾವು ಕಂಡಿಲ್ಲ; ಅವರ ಗುಣವನ್ನು ಪರೀಕ್ಷಿಸಿಲ್ಲ. ಆದರೂ ಸಂದೇಹಪಡದೆ ನೀರನ್ನು ಕುಡಿಯುತ್ತೇವೆ, ಸೇತುವೆಯನ್ನು ದಾಟುತ್ತೇವೆ. ಈ ನಂಬಿಕೆಯು ಒಂದು ದಿನ ಕೆಟ್ಟುಹೋದರೆ ನಗರದ ಬಾಳು ಅಂದೇ ನಿಂತುಹೋಗುವುದು. ಹೀಗೆ ಅಪರಿಚಿತರ ನಂಬಿಕೆಗೆ ಪಾತ್ರನಾಗಿ ಕೆಲಸಮಾಡುವವನು ತನ್ನ ಮೇಲೆ ಹೊತ್ತುಕೊಳ್ಳುವ ಕಟ್ಟುಪಾಡನ್ನೇ ವೃತ್ತಿಧರ್ಮವೆಂದು ಕರೆಯಬಹುದು.

ವೃತ್ತಿಧರ್ಮದ ಮಾತು ಬಂದಾಗ, ಇಂಗ್ಲಿಷ್ ವಿದ್ಯಾಭ್ಯಾಸವನ್ನು ಪಡೆದ ನಮ್ಮ ಮನಸ್ಸು ಮೊದಲು ಗ್ರೀಸ್ ದೇಶಕ್ಕೆ ಓಡುತ್ತದೆ. ಹಿಪ್ಪಾಕ್ರಟೀಸನ ಹೆಸರಿನಲ್ಲಿ ನಡೆದುಬಂದಿರುವ ವೈದ್ಯರ ಪ್ರತಿಜ್ಞೆಯು ನೆನಪಾಗುತ್ತದೆ. ಸಂಸ್ಕೃತವನ್ನು ಬಲ್ಲವರು ಚರಕಸಂಹಿತೆಯಲ್ಲಿ ಗುರುವು ಶಿಷ್ಯನಿಗೆ ವಿಧಿಸುವ ನಿಯಮಗಳನ್ನೂ, ಕೌಟಿಲ್ಯನು ರಾಜಾಧಿಕಾರಿಗಳ ಮೇಲೆ ಇರಿಸಿದ ಕಾವಲನ್ನೂ ಸ್ಮರಿಸುತ್ತಾರೆ. ಇವೆಲ್ಲವೂ ಗ್ರಂಥಗಳಲ್ಲಿರುವ ವಿಧಿಗಳು. ಕನ್ನಡ ನಾಡಿನಲ್ಲಿ ಜನರು ಈ ವಿಷಯವನ್ನು ಕುರಿತು ಏನನ್ನು ಆಲೋಚಿಸಿದರು, ಏನನ್ನು ಕಲ್ಲಿನಲ್ಲಿ ಕೊರೆಯಿಸಿದರು ಎಂಬುದನ್ನು ನೋಡುವುದು ಈ ಭಾಷಣದ ಉದ್ದೇಶ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ಶಾಸನಗಳು ಬಹುಮಟ್ಟಿಗೆ ಪ್ರಶಂಸೆಯ ಬರಹಗಳು. ಅವುಗಳಲ್ಲಿ ಹೊಗಳಿಸಿಕೊಂಡವರೆಲ್ಲರೂ ಹಾಗೆಯೇ ನಡೆದರೆಂದು ನಂಬಲಾಗದು. ಆದರೆ ಒಂದು ಕಾಲದ ಜನರು ಯಾವುದನ್ನು ಹೊಗಳಿಕೆಗೆ ಯೋಗ್ಯವೆಂದು ಭಾವಿಸಿದ್ದರು ಎಂಬುದನ್ನು ಅವು ತಪ್ಪದೆ ತಿಳಿಸುತ್ತವೆ.

ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಪೂರ್ವದಲ್ಲಿ ಪೊರಿಗೆರೆ, ಪುಲಿಗೆರೆ ಎಂಬ ಹೆಸರುಗಳಿದ್ದವು. ಅಲ್ಲಿ ದೊರೆತಿರುವ ಎಂಟನೆಯ ಶತಮಾನದ ಮೊದಲ ಭಾಗದ ಒಂದು ಕನ್ನಡ ಶಾಸನವು ಬಾದಾಮಿಯ ಚಾಲುಕ್ಯರ ಯುವರಾಜನಾದ ವಿಕ್ರಮಾದಿತ್ಯನದು. ಅದು ದಾನಶಾಸನವಲ್ಲ, ವಿಜಯಶಾಸನವೂ ಅಲ್ಲ. ಊರಿನ ಮಹಾಜನರು, ನಗರದವರು, ಹದಿನೆಂಟು ಪ್ರಕೃತಿಗಳು ಒಂದು ಕಡೆ, ಅರಸನ ಅಧಿಕಾರಿಗಳು ಇನ್ನೊಂದು ಕಡೆ. ಈ ಎರಡು ಪಕ್ಷದವರ ನಡುವೆ ನಡೆಯತಕ್ಕ ಆಚಾರವ್ಯವಸ್ಥೆ ಅದರಲ್ಲಿದೆ. ಅಧಿಕಾರಿಗಳು ಯಾವ ಯಾವ ಹಕ್ಕುಗಳನ್ನು ಕಾಪಾಡಬೇಕು, ಊರವರು ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ಯಾವ ತೆರಿಗೆಯನ್ನು ಯಾವ ತಿಂಗಳಲ್ಲಿ ಕೊಡಬೇಕು ಎಂಬುದನ್ನು ಅದು ವಿವರಿಸುತ್ತದೆ. ಊರಿನ ಶ್ರೇಣಿಗೆ, ಎಂದರೆ ಕಸಬುದಾರರ ಸಂಘಕ್ಕೆ, ಈ ಏರ್ಪಾಡಿನಲ್ಲಿ ಗೌರವದ ಸ್ಥಾನವಿದೆ.

ಇದರಲ್ಲಿ ವಿಶೇಷವೇನೆಂದು ಶ್ರೋತೃಗಳು ಕೇಳಬಹುದು. ತೆರಿಗೆಯನ್ನು ಎತ್ತದ ಅರಸನುಂಟೆ? ವಿಶೇಷವಿರುವುದು ಬರಹದಲ್ಲಿ. ಅಧಿಕಾರಿಯ ಮಾತು ಅಧಿಕಾರಿಯ ಬಾಯಲ್ಲಿಯೇ ಇರುವವರೆಗೆ ಅದು ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ. ಅದೇ ಮಾತು ಊರಿನ ನಡುವೆ ಕಲ್ಲಿನ ಮೇಲೆ ನಿಂತಾಗ, ಕೊಡುವವನಿಗೆ ಎಷ್ಟು ಕೊಡಬೇಕೆಂಬುದೂ ಕೊಳ್ಳುವವನಿಗೆ ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಾಗುವುದು. ಅಧಿಕಾರಕ್ಕೆ ಎಲ್ಲೆಯುಂಟು, ಆ ಎಲ್ಲೆಯು ಅಧಿಕಾರಕ್ಕೆ ಒಳಪಟ್ಟವರಿಗೂ ತಿಳಿದಿರಬೇಕು ಎಂಬ ತತ್ತ್ವವು ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ನಮ್ಮ ಭಾಷೆಯಲ್ಲಿ ಬರಹಕ್ಕಿಳಿದಿತ್ತೆಂಬುದು ಸಾಮಾನ್ಯ ಸಂಗತಿಯಲ್ಲ.

ಅರಸರಿಂದ ವರ್ತಕರ ಕಡೆಗೆ ತಿರುಗೋಣ. ಮಲಪ್ರಭೆಯ ದಡದ ಸಮೀಪದಲ್ಲಿರುವ ಐಹೊಳೆಯು ದೇವಾಲಯಗಳಿಗೆ ಹೆಸರಾದುದು. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘವೂ ತನ್ನ ಹೆಸರನ್ನು ಆ ಊರಿನಿಂದಲೇ ಪಡೆದದ್ದು. ಈ ಸಂಘದವರ ವ್ಯಾಪಾರವು ದಕ್ಷಿಣ ಭಾರತವನ್ನೆಲ್ಲ ವ್ಯಾಪಿಸಿ ಕಡಲನ್ನೂ ದಾಟಿತ್ತು. ಸುಮಾತ್ರ ದ್ವೀಪದಲ್ಲಿ ೧೦೮೮ನೆಯ ವರ್ಷದ ಅವರ ತಮಿಳು ಶಾಸನವೊಂದು ದೊರೆತಿದೆ. ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ ಮೊದಲಾದವು ಅವರ ಸರಕುಗಳು. ಸಂಘದವರು ತಮ್ಮ ನಡೆವಳಿಕೆಗೆ ಇಟ್ಟುಕೊಂಡ ಹೆಸರು ವೀರಬಣಂಜುಧರ್ಮ. ವ್ಯಾಪಾರವು ಕೇವಲ ಲಾಭದ ಕಸಬಲ್ಲ, ಅದಕ್ಕೂ ಒಂದು ಧರ್ಮವುಂಟು, ಅದನ್ನು ಕಾಪಾಡುವುದಕ್ಕೆ ವೀರ್ಯವೂ ಬೇಕು ಎಂಬ ಅಭಿಮಾನವು ಆ ಹೆಸರಿನಲ್ಲಿಯೇ ಇದೆ. ಹೇರಿಗೆ ಇಷ್ಟೆಂದು ತಮ್ಮ ಮೇಲೆ ತಾವೇ ಸುಂಕವನ್ನು ಹಾಕಿಕೊಂಡು ದೇವಾಲಯಗಳಿಗೂ ಧರ್ಮಕಾರ್ಯಗಳಿಗೂ ಬಿಟ್ಟುಕೊಟ್ಟ ದೃಷ್ಟಾಂತಗಳು ಶಾಸನಗಳಲ್ಲಿ ಹಲವಿವೆ. ಒಬ್ಬ ವರ್ತಕನು ಮಾತಿಗೆ ತಪ್ಪಿದರೆ ಕೆಡುವುದು ಅವನೊಬ್ಬನ ಹೆಸರಲ್ಲ, ಐನೂರ್ವರ ಹೆಸರು. ದೂರದೇಶದಲ್ಲಿ, ಪರಭಾಷೆಯವರ ನಡುವೆ, ಸಾಲ ಕೊಟ್ಟು ಸರಕು ಕೊಳ್ಳುವವನಿಗೆ ಆ ಹೆಸರಿಗಿಂತ ದೊಡ್ಡ ಬಂಡವಾಳವಿರಲಿಲ್ಲ.

ಶಿಲ್ಪಿಗಳ ವಿಷಯದಲ್ಲಿಯೂ ಹೀಗೆಯೇ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಸೂತ್ರಧಾರಿಯಾದ ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಬಂದುದನ್ನು ಅಲ್ಲಿಯ ಶಾಸನವೇ ಹೇಳುತ್ತದೆ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಭಾರತದ ಕಲೆಗಾರರು ಹೆಸರನ್ನು ಬಯಸದವರೆಂದು ಹೇಳುವ ವಾಡಿಕೆಯುಂಟು. ಹೊಯ್ಸಳರ ದೇಗುಲಗಳು ಆ ಮಾತನ್ನು ಒಪ್ಪುವುದಿಲ್ಲ. ನಾವಾದರೋ ಆ ಹೆಸರುಗಳಲ್ಲಿ ಕೀರ್ತಿಯ ಆಸೆಯನ್ನು ಮಾತ್ರ ಕಾಣುವುದಿಲ್ಲ. ಹೆಸರನ್ನು ಕೊರೆದವನು ಕೆಲಸದ ಹೊಣೆಯನ್ನೂ ಹೊತ್ತನು. ಮೂಗು ಸೊಟ್ಟಗಾದರೆ, ಬಳ್ಳಿ ಮುರುಕಾದರೆ, ಅದು ಇಂಥವನ ಕೈಯ ತಪ್ಪೆಂದು ಲೋಕವು ಹೇಳಬಹುದು. ಹೆಸರಿಲ್ಲದ ಕೆಲಸಕ್ಕೆ ಹೊಣೆಯನ್ನು ಹೊರಿಸುವುದು ಕಷ್ಟ.

ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಶರಣರು ಈ ವಿಚಾರವನ್ನು ಇನ್ನೂ ಆಳಕ್ಕೆ ಕೊಂಡೊಯ್ದರು. ಕಾಯಕವೆಂಬ ಮಾತಿಗೆ ಅವರು ಕೊಟ್ಟ ಅರ್ಥವು ಎಲ್ಲರಿಗೂ ಪರಿಚಿತವಾದುದು. ಅಗಸನಾದ ಮಾಚಯ್ಯ, ಅಂಬಿಗನಾದ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ, ಇವರೆಲ್ಲರೂ ಕಸಬನ್ನು ಬಿಟ್ಟು ಸಂತರಾದವರಲ್ಲ, ಕಸಬಿನಲ್ಲಿದ್ದುಕೊಂಡೇ ಗೌರವವನ್ನು ಪಡೆದವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನೆಂದೂ, ಅವನ ಹೆಂಡತಿ ಲಕ್ಕಮ್ಮನು ಅಷ್ಟು ತಮಗೆ ಸಲ್ಲದೆಂದು ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳೆಂದೂ ಸಂಪ್ರದಾಯವು ಹೇಳುತ್ತದೆ. ಆ ಅಕ್ಕಿಯನ್ನು ಮಾರಯ್ಯನು ಕದ್ದು ತಂದಿರಲಿಲ್ಲ. ಯಾರೂ ಅವನನ್ನು ಕೇಳುತ್ತಿರಲಿಲ್ಲ. ನ್ಯಾಯಾಸ್ಥಾನಕ್ಕೆ ಹೋದರೂ ಅಪರಾಧವಾಗುತ್ತಿರಲಿಲ್ಲ. ಕಾನೂನು ಸುಮ್ಮನಿರುವ ಕಡೆಯಲ್ಲಿ ಮನಸ್ಸು ಮಾತನಾಡಬೇಕೆಂಬುದನ್ನು ಈ ಕಥೆಯಷ್ಟು ಚೊಕ್ಕವಾಗಿ ತಿಳಿಸುವ ಕಥೆ ವಿರಳ.

ಅದೇ ಶತಮಾನದ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯಮಠವೆಂಬ ಪ್ರಸಿದ್ಧ ಮಠವಿದ್ದಿತು. ೧೧೬೨ರ ಶಾಸನವು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ವ್ಯಾಸಂಗವನ್ನು ವರ್ಣಿಸಿ, ಅದರ ಜೊತೆಯಲ್ಲಿಯೇ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅನ್ನವನ್ನಿಕ್ಕುವುದನ್ನೂ ರೋಗಿಗಳಿಗೆ ಚಿಕಿತ್ಸೆ ಮಾಡುವುದನ್ನೂ ಹೇಳುತ್ತದೆ. ಪಾಣಿನಿಯ ಸೂತ್ರವನ್ನು ಪಾಠ ಹೇಳುವ ಮನೆಯಲ್ಲಿಯೇ ಕುಂಟನ ಊಟದ ಲೆಕ್ಕವೂ ಇತ್ತು. ವಿದ್ಯೆಯನ್ನೂ ದಯೆಯನ್ನೂ ಬೇರೆ ಬೇರೆ ಕಟ್ಟಡಗಳಲ್ಲಿ ಇಟ್ಟಿರುವ ನಮ್ಮ ಕಾಲದವರು ಇದನ್ನು ಗಮನಿಸತಕ್ಕದ್ದು.

ಇವೆಲ್ಲಕ್ಕಿಂತಲೂ ನಮಗೆ ಬೋಧಪ್ರದವಾಗಿ ತೋರುವುದು ಒಂದು ಕೆರೆಯ ಶಾಸನ. ಅದು ಇರುವುದು ಇಂದಿನ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ. ಆದರೆ ಅದನ್ನು ಹಾಕಿಸಿದವನು ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನೆಂಬ ರಾಜಕುಮಾರ. ಕಾಲ ಶಕವರ್ಷ ೧೨೯೧, ಎಂದರೆ ಕ್ರಿಸ್ತಶಕ ೧೩೬೯. ಕೆರೆಯನ್ನು ಕಟ್ಟಿಸಿದ ಪುಣ್ಯವನ್ನು ಹೊಗಳಿ ಮುಗಿಸಬಹುದಾಗಿದ್ದ ಈ ಸಂಸ್ಕೃತ ಶಾಸನವು ಅಷ್ಟಕ್ಕೆ ತೃಪ್ತವಾಗದೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಒಂದೊಂದಾಗಿ ಎಣಿಸುತ್ತದೆ. ಧರ್ಮಿಷ್ಠನೂ ಧನವಂತನೂ ಆದ ದೊರೆ, ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಯಾದ ಜೇಡಿ ನೆಲ, ಮೂರು ಯೋಜನ ದೂರದಿಂದ ಹರಿದುಬರುವ ಸಿಹಿನೀರಿನ ಹೊಳೆ, ಕೆರೆಗೆ ಹೊಂದಿಕೊಂಡ ಬೆಟ್ಟ, ಬೆಟ್ಟದ ಭಾಗಗಳ ನಡುವೆ ಬಹಳ ಉದ್ದವಲ್ಲದ ಆದರೆ ಬಲವಾದ ಕಲ್ಲಿನ ಕಟ್ಟೆ, ಅಗಲವೂ ಆಳವೂ ಆದ ಕೆರೆಯಂಗಳ, ನೀಳವಾದ ಕಲ್ಲುಗಳು ದೊರೆಯುವ ಗಣಿ, ಪಕ್ಕದಲ್ಲಿ ಸಮತಟ್ಟಾದ ಫಲವತ್ತಾದ ಹೊಲಗಳು, ಕೊನೆಯದಾಗಿ ಕಟ್ಟುವ ವಿದ್ಯೆಯಲ್ಲಿ ಪಳಗಿದ ಕೆಲಸಗಾರರ ತಂಡ, ಇವು ಆ ಅಂಗಗಳಲ್ಲಿ ಮುಖ್ಯವಾದವು. ದೋಷಗಳಾದರೋ, ಕಟ್ಟೆಯಲ್ಲಿ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಅಂಗಳದ ನಡುವೆ ಆಮೆಯ ಬೆನ್ನಿನಂತೆ ನೆಲವು ಉಬ್ಬಿರುವುದು, ನೀರು ಕಡಿಮೆಯಾಗಿ ಹೊಲ ಹೆಚ್ಚಾಗಿರುವುದು, ಹೊಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು.

ಈ ಪಟ್ಟಿಯನ್ನು ಸಾವಧಾನವಾಗಿ ನೋಡಿದರೆ ಹಲವು ವಿಷಯಗಳು ಹೊಳೆಯುವುವು. ದೊರೆಯ ಧರ್ಮಬುದ್ಧಿಯು ಹನ್ನೆರಡರಲ್ಲಿ ಒಂದು ಮಾತ್ರ. ಪುಣ್ಯದ ಆಸೆಯೊಂದರಿಂದಲೇ ಕಟ್ಟೆ ನಿಲ್ಲುವುದಿಲ್ಲ. ಶಾಸ್ತ್ರವನ್ನು ಬಲ್ಲವನು ಬೇಕು, ಕೈಪಳಗಿದವನೂ ಬೇಕು. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯನ್ನು ಕಟ್ಟಬಾರದೆಂಬುದು ಮಣ್ಣಿನ ವಿಚಾರವಲ್ಲ, ಮನುಷ್ಯರ ವಿಚಾರ. ನೀರಿಗಾಗಿ ಜಗಳವು ಬರುವುದೆಂದು ಕಟ್ಟುವವನು ಮುಂಚೆಯೇ ಎಣಿಸಬೇಕು. ನೀರಿಗೂ ಹೊಲಕ್ಕೂ ಪ್ರಮಾಣವು ತಪ್ಪಬಾರದೆಂಬುದರ ಅರ್ಥವೇನು? ಕೆರೆಯ ಹೆಸರನ್ನು ಹೇಳಿ ರೈತನಿಗೆ ಆಸೆಯನ್ನು ತೋರಿಸಿ, ಪೈರು ತೆನೆಬಿಡುವ ಕಾಲಕ್ಕೆ ನೀರಿಲ್ಲವೆನ್ನುವುದು ದೋಷ. ಕೊಡಲಾರದುದನ್ನು ಕೊಡುತ್ತೇನೆನ್ನಬಾರದೆಂಬ ನೀತಿಯನ್ನು ಇಲ್ಲಿ ಜಲಶಾಸ್ತ್ರದ ಮಾತಿನಲ್ಲಿ ಹೇಳಿದೆ. ಎಲ್ಲಕ್ಕಿಂತ ಮೇಲಾಗಿ, ತನ್ನ ಕೆಲಸವನ್ನು ಅಳೆಯತಕ್ಕ ಅಳತೆಗೋಲನ್ನು ಕಟ್ಟಿದವನೇ ಕೆರೆಯ ಜೊತೆಯಲ್ಲಿ ಕಲ್ಲಿನ ಮೇಲೆ ಬರೆಯಿಸಿ ನಿಲ್ಲಿಸಿದನು. ಸಂಸ್ಕೃತವನ್ನು ಓದಬಲ್ಲ ಯಾವನೇ ಆಗಲಿ ಆ ದೋಷಗಳ ಪಟ್ಟಿಯನ್ನು ಹಿಡಿದು ಕಟ್ಟೆಯ ಮೇಲೆ ನಡೆದು ನೋಡಬಹುದಾಗಿತ್ತು. ಆ ಕೆರೆಯು ಇಂದಿಗೂ ಇದೆ.

ಅದೇ ಶಾಸನದಲ್ಲಿ ಇನ್ನೊಂದು ಲೆಕ್ಕವುಂಟು. ದಿನವೊಂದಕ್ಕೆ ಸಾವಿರ ಕೂಲಿಗಳು, ಕಲ್ಲು ಹೊರುವ ನೂರು ಬಂಡಿಗಳು, ಎರಡು ವರ್ಷಗಳ ಕೆಲಸ. ರಾಜಕುಮಾರನ ಹೆಸರು ನಮಗೆ ಗೊತ್ತು. ಸಾವಿರ ಜನರಲ್ಲಿ ಒಬ್ಬನ ಹೆಸರೂ ಅಲ್ಲಿಲ್ಲ. ನಾವು ಹಿಂದಿನ ಕಾಲವನ್ನು ಹೊಗಳುವಾಗ ಇದನ್ನು ಮರೆಯಬಾರದು. ಶ್ರೇಣಿಗಳೂ ಸಂಘಗಳೂ ತಮ್ಮ ಒಳಗಿದ್ದವರ ಮಾನವನ್ನು ಕಾಪಾಡಿದವು. ಆದರೆ ಒಳಗೆ ಬರುವ ಬಾಗಿಲನ್ನು ಬಹುಮಟ್ಟಿಗೆ ಹುಟ್ಟು ನಿರ್ಣಯಿಸುತ್ತಿತ್ತು. ಮಣ್ಣು ಹೊತ್ತವನಿಗೂ ಕಲ್ಲು ಒಡೆದವನಿಗೂ ಕೆಲಸದ ಕಷ್ಟವು ಸಮನಾಗಿ ಸಲ್ಲುತ್ತಿತ್ತು, ಮರ್ಯಾದೆಯು ಸಲ್ಲುತ್ತಿರಲಿಲ್ಲ. ಶರಣರ ಕಾಯಕದ ಮಾತು ಅಷ್ಟು ಹೊಸದಾಗಿ ಕೇಳಿಸಿದುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಶಯವನ್ನೂ ಇಲ್ಲಿ ಬಿಡಿಸಬೇಕು. ಹಳೆಯ ನಾಡಿನಲ್ಲಿ ಸ್ವಾಮಿಭಕ್ತಿಗೆ ಬಹಳ ಬೆಲೆಯಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬದ ಶಾಸನವು, ಇಮ್ಮಡಿ ಬಲ್ಲಾಳನಿಗೆ ಪ್ರಾಣವನ್ನೇ ಮೀಸಲಿಟ್ಟ ಕುವರ ಲಕ್ಷ್ಮನ ಕಥೆಯನ್ನು ಹೇಳುತ್ತದೆ. ಆ ನಿಷ್ಠೆಯ ಮುಂದೆ ತಲೆಬಾಗದಿರಲಾಗದು. ಆದರೆ ಸ್ವಾಮಿಭಕ್ತಿಯೂ ವೃತ್ತಿಧರ್ಮವೂ ಒಂದೇ ಅಲ್ಲ. ಯಜಮಾನನನ್ನು ಮೆಚ್ಚಿಸುವುದು ಒಂದು. ಯಜಮಾನನ ಹೆಸರಿನಲ್ಲಿ ತನ್ನ ಕೈಗೆ ಸಿಕ್ಕಿದ ಜನರಿಗೆ ಕೇಡಾಗದಂತೆ ನಡೆಯುವುದು ಇನ್ನೊಂದು. ಈ ಎರಡೂ ಬೇರೆಯಾದಾಗ ಏನಾಗುವುದೆಂಬುದನ್ನು ಮೈಸೂರಿನ ಇತಿಹಾಸವೇ ಕಲಿಸಿದೆ.

ದಿವಾನ್ ಪೂರ್ಣಯ್ಯನವರು ೧೮೧೧ರಲ್ಲಿ ಅಧಿಕಾರವನ್ನು ಬಿಟ್ಟ ಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕಂದಾಯದ ವಸೂಲಿಗೆ ಶರತ್ತಿನ ಪದ್ಧತಿಯು ಬಳಕೆಗೆ ಬಂದಿತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ತಂದುಕೊಡುವೆನೆಂದು ಮುಚ್ಚಳಿಕೆಯನ್ನು ಬರೆದುಕೊಡಬೇಕು. ಕಡಮೆ ಬಿದ್ದರೆ ಅವನೇ ತುಂಬಿಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ ಸೇರತಕ್ಕದ್ದು. ಒಪ್ಪಿದ ಮೊತ್ತವು ಸಾಮಾನ್ಯವಾಗಿ ಹಿಂದಿನ ವರ್ಷದ ವಸೂಲಿಗಿಂತ ಹೆಚ್ಚಾಗಿಯೇ ಇರುತ್ತಿತ್ತು. ಅದೇ ಮುಚ್ಚಳಿಕೆಯಲ್ಲಿ, ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆಗಳನ್ನು ಹಾಕುವುದಿಲ್ಲ, ಸರ್ಕಾರದ ಪಾಲಿನ ಧಾನ್ಯವನ್ನು ಬಲಾತ್ಕಾರದಿಂದ ಕೊಳ್ಳಿಸುವುದಿಲ್ಲ ಎಂಬ ಮಾತುಗಳೂ ಇದ್ದವು. ಮಾತುಗಳೇನೋ ಬಹಳ ಒಳ್ಳೆಯವು. ಆದರೆ ಅವುಗಳನ್ನು ಮೀರಿದರೆಂದು ರೈತನು ದೂರು ಕೊಟ್ಟರೆ ಕೇಳುವವರಿರಲಿಲ್ಲ. ಹಣದ ಶರತ್ತನ್ನು ತಪ್ಪಿದ ಅಮಲ್ದಾರನಿಗೆ ನಷ್ಟವುಂಟು. ದಯೆಯ ಶರತ್ತನ್ನು ತಪ್ಪಿದವನಿಗೆ ಏನೂ ಇಲ್ಲ. ಹೀಗಿರುವಾಗ ಯಾವ ಶರತ್ತು ಉಳಿಯುವುದು, ಯಾವುದು ಅಳಿಯುವುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ಅಮಲ್ದಾರರೆಲ್ಲರೂ ಹುಟ್ಟಿನಿಂದಲೇ ಕ್ರೂರಿಗಳಾಗಿದ್ದರೆಂದು ಹೇಳಲಾಗದು. ಅವರಲ್ಲಿ ಸಾಧುಗಳೂ ಇದ್ದಿರಬೇಕು. ಆದರೆ ಸಾಧುವಾಗಿದ್ದವನು ಕೈಯಿಂದ ಹಣವನ್ನು ಕಟ್ಟಬೇಕು, ಇಲ್ಲವೇ ಜಾಗವನ್ನು ಬಿಡಬೇಕು. ನಿರ್ದಯನಾದವನು ದಕ್ಷನೆಂದು ಹೆಸರು ಪಡೆಯುವನು. ಒಳ್ಳೆಯವನಾಗಿರುವುದನ್ನು ದುಬಾರಿಯಾಗಿ ಮಾಡುವ ವ್ಯವಸ್ಥೆಯಲ್ಲಿ ಒಳ್ಳೆಯತನವು ಬಹುಕಾಲ ಬಾಳುವುದಿಲ್ಲ. ೧೮೩೦ರಲ್ಲಿ ನಗರದ ಸೀಮೆಯ ರೈತರು ಕೂಟಗಳಾಗಿ ನೆರೆದರು; ದಂಗೆಯೆದ್ದಿತು; ೧೮೩೧ರಲ್ಲಿ ಕಂಪನಿ ಸರ್ಕಾರದವರು ಅದನ್ನೇ ಕಾರಣವಾಗಿ ಮಾಡಿಕೊಂಡು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅರಸರಿಗೆ ಹೆಚ್ಚು ಹಣವನ್ನು ತಂದುಕೊಟ್ಟು ಸ್ವಾಮಿಸೇವೆಯನ್ನು ಮಾಡುತ್ತೇವೆಂದು ತಿಳಿದಿದ್ದ ಅಧಿಕಾರಿಗಳು ಕೊನೆಗೆ ಸ್ವಾಮಿಯ ರಾಜ್ಯವನ್ನೇ ಕಳೆದರು. ದಂಗೆಗೆ ಬೇರೆ ಕಾರಣಗಳೂ ಇದ್ದವು. ಹಳೆಯ ಪಾಳೆಯಗಾರರ ಮನೆತನದವರೂ ಅದರಲ್ಲಿ ಸೇರಿದರು. ಆದರೆ ಉರಿಯಲು ಸೌದೆಯನ್ನು ಒಟ್ಟಿದ್ದು ಶರತ್ತಿನ ಪದ್ಧತಿಯೇ.

೧೮೩೪ರಿಂದ ೧೮೬೧ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಏಳುನೂರಕ್ಕೂ ಮಿಕ್ಕ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು. ತೆರಿಗೆಗಳು ಅಷ್ಟಿದ್ದವೆಂಬುದೇ ಹಿಂದಿನ ಸ್ಥಿತಿಗೆ ಸಾಕ್ಷಿ. ೧೮೮೧ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಹಿಂದಿರುಗಿತು. ಅದೇ ವರ್ಷದ ಅಕ್ಟೋಬರ್ ೭ರಂದು ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯ ಮೊದಲನೆಯ ಅಧಿವೇಶನವನ್ನು ನಡೆಸಿದರು. ೧೪೪ ಮಂದಿ ಸದಸ್ಯರು ಸೇರಿದ್ದರು. ಕಾಯಿದೆಯನ್ನು ಮಾಡುವ ಅಧಿಕಾರವಾಗಲಿ ಆಯವ್ಯಯವನ್ನು ತಡೆಯುವ ಅಧಿಕಾರವಾಗಲಿ ಆ ಸಭೆಗೆ ಇರಲಿಲ್ಲ. ಅದು ಕೇವಲ ಆಡಂಬರವೆಂದು ಹೇಳಿದವರೂ ಉಂಟು. ಆದರೆ ಶರತ್ತಿನ ಕಾಲಕ್ಕೂ ಈ ಕಾಲಕ್ಕೂ ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು. ಸರ್ಕಾರವು ತಾನು ಮಾಡಿದುದೇನೆಂದು ದಿವಾನರ ಬಾಯಿಂದ ಎಲ್ಲರೆದುರಿಗೆ ಹೇಳಬೇಕಾಯಿತು. ಸದಸ್ಯನು ಎದ್ದು ನಿಂತು ತನ್ನ ತಾಲ್ಲೂಕಿನ ಕಷ್ಟವನ್ನು ಹೇಳಬಹುದಾಯಿತು. ಹಿಂದೆ ರೈತನ ದೂರಿಗೆ ಕಿವಿಯೇ ಇರಲಿಲ್ಲ. ಈಗ ಕಿವಿಯಾದರೂ ಹುಟ್ಟಿತು.

ಒಟ್ಟಿನಲ್ಲಿ ಈ ಹನ್ನೆರಡು ಶತಮಾನಗಳ ದಾಖಲೆಗಳಿಂದ ನಾವು ತಿಳಿಯಬಹುದಾದುದೇನು? ವೃತ್ತಿಧರ್ಮವು ಕೇವಲ ಮನಸ್ಸಿನ ಸದ್ಗುಣವಲ್ಲ; ಅದು ನಿಲ್ಲುವುದಕ್ಕೆ ಕೆಲವು ಆಸರೆಗಳು ಬೇಕು. ಪುಲಿಗೆರೆಯವರು ಅಧಿಕಾರದ ಎಲ್ಲೆಯನ್ನು ಬರೆದಿಟ್ಟರು. ಬೇಲೂರಿನ ಶಿಲ್ಪಿಗಳು ಕೆಲಸದ ಮೇಲೆ ಹೆಸರನ್ನಿಟ್ಟರು. ಪೋರುಮಾಮಿಳ್ಳದವರು ದೋಷಗಳ ಪಟ್ಟಿಯನ್ನು ಊರಿನ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು. ಮೈಸೂರಿನವರು ಬಹಳ ಬೆಲೆಯನ್ನು ತೆತ್ತ ಮೇಲೆ ದೂರನ್ನು ಕೇಳುವ ಸಭೆಯನ್ನು ಕಂಡರು. ಎಲ್ಲೆ, ಹೆಸರು, ಅಳತೆ, ದೂರಿಗೆ ಕಿವಿ, ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಪ್ರತಿಜ್ಞೆಯು ಮುಚ್ಚಳಿಕೆಯ ಒಳ್ಳೆಯ ಮಾತುಗಳಂತೆ ಕಾಗದದಲ್ಲಿಯೇ ಉಳಿಯುವುದು. ಈಗಿನ ಕಾಲದಲ್ಲಿ ಕಾಲೇಜುಗಳಿಂದ ಹೊರಬರುವ ಇಂಜಿನಿಯರಿಗೂ ವೈದ್ಯನಿಗೂ ಗುಮಾಸ್ತೆಗೂ ನೀತಿಯನ್ನು ಬೋಧಿಸಬೇಕೆಂಬ ಮಾತು ಬಹಳವಾಗಿ ಕೇಳಿಬರುತ್ತಿದೆ. ಬೋಧಿಸುವುದು ಸರಿಯೇ. ಅದರ ಜೊತೆಗೆ, ಅವನು ಸೇರುವ ಕಚೇರಿಯು ಅಮಲ್ದಾರನ ತಾಲ್ಲೂಕಿನಂತೆ ಇದೆಯೋ ಎಂಬುದನ್ನೂ ನಾವು ಕೇಳಬೇಕು.

ಈ ಆಸರೆಗಳೆಲ್ಲ ಇದ್ದರೂ ಸಾಲದ ಒಂದು ಜಾಗವು ಉಳಿಯುತ್ತದೆ. ಯಾರೂ ನೋಡದಿರುವಾಗ, ಯಾವ ಶಾಸನವೂ ಹೇಳದಿರುವಾಗ, ಸೆರಗಿಗೆ ಬಿದ್ದ ಅಕ್ಕಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಅದು. ಆ ಜಾಗದಲ್ಲಿ ದಿವಾನರೂ ಇಲ್ಲ, ಸಭೆಯೂ ಇಲ್ಲ. ಲಕ್ಕಮ್ಮನೊಬ್ಬಳೇ ಬಾಗಿಲಲ್ಲಿ ನಿಂತು, ಇಂದಿನ ಅಕ್ಕಿ ಹೆಚ್ಚಾಯಿತಲ್ಲವೇ ಎಂದು ಕೇಳುತ್ತಾಳೆ.